ಓದುಗರ ಪ್ರಶ್ನೆ, ನಮ್ಮ ಉತ್ತರ: ಸರ್ವೆಗೆ ಬಂದವರನ್ನು ಏನು ಕೇಳಬೇಕು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಕಾಲೇಜಿನವರು, ಯೂನಿವರ್ಸಿಟಿಯವರು ಆರೋಗ್ಯದ ಸಂಶೋಧನೆ ಅಂತ ಊರಿಗೆ ಬರುತ್ತಾರೆ, ಸಂಘದವರ ಸಹಾಯ ಕೇಳುತ್ತಾರೆ. ಒಪ್ಪಬೇಕಾ, ಬೇಡವಾ? ಒಪ್ಪುವುದಾದರೆ ಹೇಗೆ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಪತ್ರ ಬಂದಿವೆ. ಬರೆದವರಲ್ಲಿ ಒಬ್ಬರು ಸ್ವತಃ ಸಂಶೋಧಕರು. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮ್ಮದು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ. ಕೆಲವು ವರ್ಷದ ಹಿಂದೆ ಒಂದು ಕಾಲೇಜಿನವರು ಬಂದು ಶಾಲೆ ಮಕ್ಕಳ ಹಲ್ಲು ನೋಡಿದರು, ಬೋರ್‌ವೆಲ್ ನೀರು ಬಾಟಲಿಯಲ್ಲಿ ತುಂಬಿಕೊಂಡು ಹೋದರು. ಮಕ್ಕಳ ಮೂತ್ರವನ್ನೂ ತೆಗೆದುಕೊಂಡರು. ಮನೆ ಮನೆಗೆ ಕರೆದುಕೊಂಡು ಹೋಗಿದ್ದು ನಾವೇ. ಆಮೇಲೆ ಒಂದು ಫೋನೂ ಇಲ್ಲ. ಈಗ ಬೇರೆ ಯೂನಿವರ್ಸಿಟಿಯವರು ಅದೇ ಫ್ಲೋರೈಡ್ ವಿಷಯಕ್ಕೆ ಬಂದಿದ್ದಾರೆ. ನಮ್ಮ ಸದಸ್ಯರು ಊರೊಳಗೆ ಬಿಡೋದೇ ಬೇಡ ಅಂತಿದ್ದಾರೆ. ಏನು ಮಾಡೋಣ ಮೇಡಂ? (ಬಾಗೇಪಲ್ಲಿ ತಾಲ್ಲೂಕು)

ನಿಮ್ಮ ಸದಸ್ಯರ ಸಿಟ್ಟು ನ್ಯಾಯವಾದದ್ದೇ. ಮಗುವಿನ ಮೂತ್ರ ತೆಗೆದುಕೊಂಡು ಹೋಗಿ, ಅದರಲ್ಲಿ ಏನು ಸಿಕ್ಕಿತು ಅಂತ ತಾಯಿಗೆ ಹೇಳದೇ ಇರುವುದು ಸಣ್ಣ ತಪ್ಪಲ್ಲ. ಆದರೂ ಬಾಗಿಲು ಹಾಕಬೇಡಿ ಅಂತಲೇ ಹೇಳುತ್ತೇನೆ. ನಿಮ್ಮ ಮಾತಿಗೆ ಅತಿ ಹೆಚ್ಚು ತೂಕ ಇರುವುದು ಈಗ, ಕೆಲಸ ಶುರುವಾಗುವ ಮೊದಲು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾವ ಬೀದಿಗೆ ಯಾವ ಬೋರ್‌ವೆಲ್ ನೀರು ಬರುತ್ತದೆ, ಯಾವ ಮನೆಯವರು ಯಾವ ಹೊತ್ತಿಗೆ ಸಿಗುತ್ತಾರೆ, ಇದೆಲ್ಲ ನಿಮಗೆ ಗೊತ್ತು. ಅವರಿಗೆ ಗೊತ್ತಿಲ್ಲ. ನೀವು ಜೊತೆಗೆ ಬರದಿದ್ದರೆ ಅರ್ಧ ಮನೆ ಬಾಗಿಲು ತೆಗೆಯುವುದಿಲ್ಲ. ಮಾಹಿತಿಯೆಲ್ಲ ಅವರ ಲ್ಯಾಪ್‌ಟಾಪ್ ಸೇರಿದ ಮೇಲೆ ನಿಮ್ಮ ಹತ್ತಿರ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ, ಅಲ್ವಾ? ಹಾಗಾಗಿ ಕೇಳುವುದನ್ನೆಲ್ಲ ಈಗಲೇ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಮೊದಲು ಕೇಳಬೇಕಾದದ್ದು, ಅವರು ಹುಡುಕುತ್ತಿರುವ ಪ್ರಶ್ನೆ ಯಾವುದು ಅಂತ. ಎಷ್ಟು ಮಕ್ಕಳ ಹಲ್ಲಿನಲ್ಲಿ ಕಲೆ ಇದೆ ಅನ್ನುವುದನ್ನು ಎಣಿಸುವುದಷ್ಟೇ ಆದರೆ ಅದರಿಂದ ನಿಮಗೆ ಹೊಸದೇನೂ ತಿಳಿಯುವುದಿಲ್ಲ. ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಿದ್ದು ಹಲ್ಲಿನ ಕಲೆ ಆಗುವುದು ಹಲ್ಲು ಒಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ. ಹನ್ನೆರಡು ವರ್ಷದ ಹುಡುಗಿಯ ಹಲ್ಲಿನಲ್ಲಿ ಕಾಣುವುದು ಅವಳು ಚಿಕ್ಕ ಮಗುವಾಗಿದ್ದಾಗ ಕುಡಿದ ನೀರಿನ ಗುರುತು. ಈಗ ಕುಡಿಯುತ್ತಿರುವ ನೀರು ಹೇಗಿದೆ ಅಂತ ಅದು ಹೇಳುವುದಿಲ್ಲ. ಈಗಿನದನ್ನು ತಿಳಿಯಬೇಕಾದರೆ ನೀರನ್ನೂ ಮೂತ್ರವನ್ನೂ ನೋಡಬೇಕು.

ನಿಮ್ಮ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀರಿ: "ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀವಿ, ಅಡುಗೆಗೆ ನಲ್ಲಿ ನೀರೇ." ನನ್ನ ಪ್ರಕಾರ ಇಡೀ ಪತ್ರದಲ್ಲಿ ತುಂಬಾ ಮುಖ್ಯವಾದ ಸಾಲು ಅದೇ. ಬೇಳೆ ಬೇಯುವುದು, ಮುದ್ದೆಗೆ ಎಸರು ಇಡುವುದು, ಕಾಫಿಗೆ ಹಾಕುವುದು ಎಲ್ಲ ಬೋರ್‌ವೆಲ್ ನೀರಿನಲ್ಲಿ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತದೆ. ಕ್ಯಾನ್ ನೀರು ತಂದೂ ಮಕ್ಕಳ ಹೊಟ್ಟೆಗೆ ಎಷ್ಟು ಫ್ಲೋರೈಡ್ ಹೋಗುತ್ತಿದೆ? ಇದು ನಿಮ್ಮ ಪ್ರಶ್ನೆ. ಘಟಕದ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ ಅನ್ನುವುದೂ ನಿಮ್ಮ ಪ್ರಶ್ನೆಯೇ, ಯಾಕೆಂದರೆ ಯಂತ್ರದ ಮೆಂಬ್ರೇನ್ (ನೀರು ಸೋಸುವ ಪೊರೆ) ಹಳೆಯದಾದರೆ ಫ್ಲೋರೈಡ್ ಸರಿಯಾಗಿ ಸೋಸುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಈ ಎರಡು ಅಂಕಿಯನ್ನು ಸಂಘದ ಗೋಡೆ ಮೇಲೆ ಬರೆದಿಡಿ. ಆಮೇಲೆ ಬಂದವರಿಗೆ ಹೇಳಿ: ನಿಮ್ಮ ಅಧ್ಯಯನದಲ್ಲಿ ಅಡುಗೆ ನೀರನ್ನೂ ಸೇರಿಸಿ, ಘಟಕದ ನೀರನ್ನೂ ಸೇರಿಸಿ, ಆಗ ನಾವು ಜೊತೆಗಿರುತ್ತೇವೆ. ಕೆಲಸ ತಿಳಿದ ಸಂಶೋಧಕರಾದರೆ ಇದನ್ನು ಕೇಳಿ ಖುಷಿಪಡುತ್ತಾರೆ. ಅವರ ಅಧ್ಯಯನಕ್ಕೂ ಇದರಿಂದ ಬಲ ಬರುತ್ತದೆ.

ಇನ್ನು ಫಲಿತಾಂಶದ ಮಾತು. "ರಿಪೋರ್ಟ್ ಕೊಡ್ತೀವಿ" ಅಂದರೆ ಸಾಲದು. ಯಾವ ತಿಂಗಳು, ಎಲ್ಲಿ, ಯಾರು ಬಂದು ಹೇಳುತ್ತಾರೆ? ಕನ್ನಡದಲ್ಲಿ ಹೇಳುತ್ತಾರಾ? ನಿಮ್ಮ ಕಡೆ ತೆಲುಗು ಮನೆಗಳೂ ಬೇಕಾದಷ್ಟಿವೆ, ಅವರಿಗೆ ತೆಲುಗಿನಲ್ಲೇ ಹೇಳಬೇಕು. ಊರಿನ ಒಟ್ಟು ಅಂಕಿ ಬೇರೆ, ಪ್ರತಿ ಮನೆಯ ಅವರವರ ಫಲಿತಾಂಶ ಬೇರೆ. ಎರಡೂ ಬೇಕು ಅಂತ ಕೇಳಿ. ಮನೆಯ ಫಲಿತಾಂಶವನ್ನು ಆ ಮನೆಯವರಿಗೆ ಮಾತ್ರ ಕೊಡಬೇಕು, ಸಭೆಯಲ್ಲಿ ಓದಬಾರದು. ಪರೀಕ್ಷೆ ಮಾಡುವಾಗ ಯಾರಿಗಾದರೂ ಮೂಳೆ ಬಾಗಿದ್ದು ಕಂಡರೆ, ಒಬ್ಬ ಗರ್ಭಿಣಿಗೆ ರಕ್ತ ತೀರಾ ಕಡಿಮೆ ಇದೆ ಅಂತ ಗೊತ್ತಾದರೆ, ಅವರನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಯಾರ ಖರ್ಚಿನಲ್ಲಿ? ಬರೆದುಕೊಂಡು ಹೋಗುವುದಷ್ಟೇ ನಮ್ಮ ಕೆಲಸ ಅಂತ ಅವರು ಅಂದರೆ ಆ ಮಾತನ್ನು ಒಪ್ಪಬೇಡಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯಲ್ಲಿ ಇದೆಲ್ಲ ಇದೆ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕು, ಅದರ ಒಂದು ಪ್ರತಿ ಅವರ ಕೈಯಲ್ಲಿ ಉಳಿಯಬೇಕು, ಬೇಡ ಅನಿಸಿದರೆ ಮಧ್ಯದಲ್ಲೇ ಬಿಡಬಹುದು, ಕೂಲಿ ತಪ್ಪಿದರೆ ಅದನ್ನು ತುಂಬಿಕೊಡಬಹುದು. ನೀವು ಹೊಸದಾಗಿ ಏನನ್ನೂ ಬೇಡುತ್ತಿಲ್ಲ, ಇರುವ ನಿಯಮವನ್ನೇ ಹೇಳುತ್ತಿದ್ದೀರಿ.

ಒಪ್ಪಿಕೊಂಡಿದ್ದನ್ನೆಲ್ಲ ಒಕ್ಕೂಟದ ನಡಾವಳಿ ಪುಸ್ತಕದಲ್ಲಿ ಬರೆಸಿ, ಬಂದವರ ಸಹಿ ಹಾಕಿಸಿ. ವಕೀಲರ ಕಾಗದ ಬೇಕಿಲ್ಲ.

ಹಳೆಯ ತಂಡದವರನ್ನೂ ಸುಮ್ನೆ ಬಿಡಬೇಡಿ. ಆ ಕಾಲೇಜಿನ ಎಥಿಕ್ಸ್ ಕಮಿಟಿಯ (ಸಂಶೋಧನೆ ನ್ಯಾಯವಾಗಿ ನಡೆಯುತ್ತದಾ ಅಂತ ನೋಡಿ ಒಪ್ಪಿಗೆ ಕೊಡುವ ಸಮಿತಿ) ಸದಸ್ಯ ಕಾರ್ಯದರ್ಶಿಗೆ ಒಂದು ಕಾಗದ ಬರೆಯಿರಿ: ಇಂಥ ವರ್ಷ ನಮ್ಮೂರಲ್ಲಿ ಹೀಗೆ ಅಧ್ಯಯನ ಆಯಿತು, ಫಲಿತಾಂಶ ನಮಗೆ ತಲುಪಿಲ್ಲ, ದಯವಿಟ್ಟು ಕೊಡಿಸಿ ಅಂತ. ಈ ಕಮಿಟಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಸದಸ್ಯರಲ್ಲಿ ವೈದ್ಯರಲ್ಲದ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು ಅಂತ ನಿಯಮವಿದೆ. ಕಾಗದ ಬಂದರೆ ಅದು ಕಡತಕ್ಕೆ ಸೇರುತ್ತದೆ. ಅದು ಪಿಜಿ ವಿದ್ಯಾರ್ಥಿಯ ಥೀಸಿಸ್ ಆಗಿದ್ದರೆ ಪ್ರತಿ ಕಾಲೇಜಿನ ಲೈಬ್ರರಿಯಲ್ಲೇ ಇರುತ್ತದೆ, ಹೋಗಿ ಕೇಳಿ. ಹಳೆಯ ನೀರಿನ ಅಂಕಿ ಸಿಕ್ಕರೆ ಹೊಸದರ ಜೊತೆ ಹೋಲಿಸಿ ನೋಡಬಹುದು.

ಪ್ರಶ್ನೆ: ನಮ್ಮ ಕಥೆ ಉಲ್ಟಾ. ನಾವು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಕೂಲಿ ಮಾಡುವವರ ಸಂಘ. ಕೈ ಬೆರಳೆಲ್ಲ ಹುಣ್ಣು, ತುಂಬಾ ಜನಕ್ಕೆ ಕೆಮ್ಮು, ದಮ್ಮು. ಯಾರೂ ನಮ್ಮನ್ನು ಸರ್ವೆ ಮಾಡೋಕೆ ಬಂದಿಲ್ಲ. ಯೂನಿವರ್ಸಿಟಿಯವರನ್ನು ನಾವೇ ಕರೆಯಬಹುದಾ? ಕರೆದರೆ ಬರ್ತಾರಾ? (ಶಿಡ್ಲಘಟ್ಟ)

ಖಂಡಿತ ಕರೆಯಬಹುದು. ಹೀಗೆ ಶುರುವಾಗುವ ಸಂಶೋಧನೆಯೇ ಜಾಸ್ತಿ ಗಟ್ಟಿ, ಯಾಕೆಂದರೆ ಪ್ರಶ್ನೆ ನಿಮ್ಮಿಂದಲೇ ಹುಟ್ಟಿರುತ್ತದೆ.

ನಿಮಗೆ ಹತ್ತಿರದಲ್ಲೇ ಒಂದು ಜಾಗ ಇದೆ. ಕೆಲಸದಿಂದ ಬರುವ ಕಾಯಿಲೆಗಳ ಬಗ್ಗೆಯೇ ಅಧ್ಯಯನ ಮಾಡುವ ಐಸಿಎಂಆರ್ ಪ್ರಾದೇಶಿಕ ಕೇಂದ್ರ ದೇವನಹಳ್ಳಿ ಕಡೆ ಇದೆ. ಅದಲ್ಲದೆ ಪ್ರತಿ ಮೆಡಿಕಲ್ ಕಾಲೇಜಿನಲ್ಲೂ ಕಮ್ಯುನಿಟಿ ಮೆಡಿಸಿನ್ ವಿಭಾಗ ಇರುತ್ತದೆ, ಊರಿನ ಜನರ ಆರೋಗ್ಯವನ್ನು ಒಟ್ಟಾಗಿ ಅಧ್ಯಯನ ಮಾಡುವವರು ಅವರು. ಚಿಕ್ಕಬಳ್ಳಾಪುರದ ಸರ್ಕಾರಿ ಮೆಡಿಕಲ್ ಕಾಲೇಜು, ಕೋಲಾರದ ಟಮಕದಲ್ಲಿರುವ ದೇವರಾಜ ಅರಸು ಮೆಡಿಕಲ್ ಕಾಲೇಜು ನಿಮಗೆ ಬಸ್ಸಿನ ದೂರದಲ್ಲಿವೆ. ಇನ್ನೊಂದು ದಾರಿಯೂ ಇದೆ. ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಕೆಲವು ವರ್ಷ ಅವರ ಆರೋಗ್ಯ ನೋಡುತ್ತಿರಬೇಕು ಅಂತ ಈಚಿನ ವರ್ಷಗಳಲ್ಲಿ ಪಠ್ಯಕ್ರಮದಲ್ಲೇ ಸೇರಿದೆ. ಆ ವಿದ್ಯಾರ್ಥಿಗಳು ನಿಮ್ಮ ಸುತ್ತಮುತ್ತ ಓಡಾಡುತ್ತಿದ್ದರೆ ಅವರ ಮೇಷ್ಟ್ರ ಫೋನ್ ನಂಬರ್ ಕೇಳಿ.

ಆದರೆ ಬರಿಗೈಯಲ್ಲಿ ಹೋಗಬೇಡಿ. "ನಮಗೆ ಕಷ್ಟ ಇದೆ" ಅಂದರೆ ಕೇಳಿ, ಪಾಪ ಅಂದು, ಕಳಿಸಿಬಿಡುತ್ತಾರೆ. ಮೊದಲು ಒಂದೆರಡು ತಿಂಗಳು ನೀವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಿಸಿ ನೀರಿನ ಬೇಸಿನ್ನಿನಲ್ಲಿ ಕೈ ಹಾಕಿ ಗೂಡಿನ ಎಳೆ ಹುಡುಕುವವರು ಯಾರು, ಗೂಡು ಬೇಯಿಸುವವರು ಯಾರು, ಹುಳ ಬೇರೆ ಮಾಡುವವರು ಯಾರು. ದಿನಕ್ಕೆ ಎಷ್ಟು ಗಂಟೆ. ಬೆರಳ ತುದಿ ಬಿಳಿಚಿಕೊಂಡು ಸುಲಿಯುವುದು ಯಾವ ಬೆರಳಿನಲ್ಲಿ ಜಾಸ್ತಿ, ರಜೆ ದಿನ ಕಡಿಮೆಯಾಗುತ್ತದಾ. ಕೆಮ್ಮು ಕೆಲಸದ ಹೊತ್ತಿನಲ್ಲಾ, ಮನೆಗೆ ಹೋದ ಮೇಲೆ ರಾತ್ರಿನಾ. ಭಾನುವಾರ ಉಸಿರಾಟ ಸಲೀಸು, ಸೋಮವಾರ ಮತ್ತೆ ಕಷ್ಟ ಅಂತ ಹಲವರು ಹೇಳಿದರೆ, ಕಾಯಿಲೆಗೂ ಕೆಲಸಕ್ಕೂ ಸಂಬಂಧ ಇರಬಹುದು ಅಂತ ಯಾವ ಡಾಕ್ಟರಿಗಾದರೂ ಅನಿಸುತ್ತದೆ. ಅಂಥ ನೋಟ್‌ಬುಕ್ ನೋಡಿದ ಸಂಶೋಧಕರು ನಿಮ್ಮನ್ನು ಹಾಗೇ ಕಳಿಸಲಾರರು.

ಒಂದು ವಿಷಯದಲ್ಲಿ ತುಂಬಾ ಎಚ್ಚರ ಬೇಕು. ನೀವು ಅದನ್ನು ಬರೆದಿಲ್ಲ, ಆದರೆ ನಿಮ್ಮ ಪತ್ರ ಓದುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಅದೇ. ಘಟಕದ ಮಾಲೀಕರಿಗೆ ಯಾರು ಏನು ಹೇಳಿದರು ಅಂತ ಗೊತ್ತಾದರೆ ಮಾರನೇ ದಿನ ಕೂಲಿ ಹೋಗಬಹುದು. ಮುಂಗಡ ತೆಗೆದುಕೊಂಡವರಿಗಂತೂ ಇನ್ನೂ ಕಷ್ಟ. ಹಾಗಾಗಿ ಪರೀಕ್ಷೆ ಮತ್ತು ಮಾತುಕತೆ ಘಟಕದಲ್ಲಿ ಬೇಡ, ಮನೆಯಲ್ಲಿ ಅಥವಾ ಅಂಗನವಾಡಿಯಲ್ಲಿ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಹೆಸರಿನ ಬದಲು ನಂಬರ್ ಇರಲಿ. ಹೆಸರು ಮತ್ತು ನಂಬರಿನ ಪಟ್ಟಿ ಯಾರ ಬೀರುವಿನಲ್ಲಿ, ಯಾರ ಬೀಗದ ಕೆಳಗೆ ಇರುತ್ತದೆ ಅಂತ ಮೊದಲೇ ಕೇಳಿ. ವರದಿಯಲ್ಲಿ ಘಟಕದ ಹೆಸರೂ ಬರಬಾರದು. ಹಾಗಂತ ಮಾಲೀಕರನ್ನು ಪೂರ್ತಿ ಹೊರಗಿಡುವುದೂ ಸರಿಯಲ್ಲ. ಕೈಗವಸು, ಗಾಳಿ ಹೋಗುವ ಕಿಟಕಿ, ಹೊಗೆ ಕೊಳವೆ ಇವೆಲ್ಲ ಕೊನೆಗೆ ಮಾಡಬೇಕಾದವರು ಅವರೇ. ಸಣ್ಣ ರೀಲರುಗಳು (ನೂಲು ಬಿಚ್ಚುವ ಘಟಕ ನಡೆಸುವವರು) ಎಷ್ಟೋ ಜನ ತಮ್ಮ ಮನೆಯವರ ಜೊತೆ ಅದೇ ಹೊಗೆಯಲ್ಲಿ ಕೂತು ಕೆಲಸ ಮಾಡುತ್ತಾರೆ. ಅವರ ಕೆಮ್ಮನ್ನೂ ಎಣಿಸಲಿ.

ಪ್ರಶ್ನೆ: ನಾನು ಕಮ್ಯುನಿಟಿ ಮೆಡಿಸಿನ್ ಪಿಜಿ ಮಾಡುತ್ತಿದ್ದೇನೆ. ಹಳ್ಳಿಯಲ್ಲಿ ಸಂಘಗಳ ಜೊತೆ ಸೇರಿ ಬಿಪಿ, ಶುಗರ್ ಬಗ್ಗೆ ಅಧ್ಯಯನ ಮಾಡುವ ಆಸೆ. ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಕೊಡುವ ದಿನ ಹತ್ತಿರ ಬಂದಿದೆ. ಜನ ಸರಿಯಾಗಿ ಮಾತಾಡುತ್ತಿಲ್ಲ. ಪಂಚಾಯಿತಿ ಅಧ್ಯಕ್ಷರು "ಎಲ್ಲರ ಪರವಾಗಿ ನಾನೇ ಸೈನ್ ಹಾಕ್ತೀನಿ" ಅಂತಿದ್ದಾರೆ. ಅಷ್ಟು ಸಾಕಾ? (ತುಮಕೂರು)

ಸಾಲದು ಡಾಕ್ಟ್ರೇ. ಊರೊಳಗೆ ಬರುವುದಕ್ಕೆ ಅಧ್ಯಕ್ಷರ ಒಪ್ಪಿಗೆ ಬೇಕು, ಆದರೆ ನಾಗಮ್ಮನ ರಕ್ತ ತೆಗೆಯುವುದಕ್ಕೆ ನಾಗಮ್ಮನ ಒಪ್ಪಿಗೆಯೇ ಬೇಕು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕುವ ಪ್ರಾಯೋಗಿಕ ಯೋಜನೆ ನಡೆಯಿತು. ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಫಾರ್ಮಿಗೆ ತಂದೆತಾಯಿ ಬದಲು ವಾರ್ಡನ್‌ಗಳು, ಹೆಡ್‌ಮಾಸ್ಟರ್‌ಗಳು ಸಹಿ ಹಾಕಿದ್ದು ಆಮೇಲೆ ಹೊರಗೆ ಬಂತು. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿ ವರದಿ ಕೊಟ್ಟಿತು. ಎಚ್‌ಪಿವಿ ಲಸಿಕೆ ಒಳ್ಳೆಯದೇ, ಗರ್ಭಕೊರಳಿನ ಕ್ಯಾನ್ಸರ್ ತಡೆಯುತ್ತದೆ. ಆದರೆ ಒಪ್ಪಿಗೆ ತೆಗೆದುಕೊಂಡ ರೀತಿಯಿಂದ ಜನರ ಮನಸ್ಸಿನಲ್ಲಿ ಅನುಮಾನ ಕೂತುಬಿಟ್ಟಿತು. ಓದು ಬರದವರಾದರೆ ಪೂರ್ತಿ ಓದಿ ಹೇಳಿ, ನಿಮಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯನ್ನು ಇಟ್ಟುಕೊಂಡು ಹೆಬ್ಬೆಟ್ಟು ಹಾಕಿಸಿ.

ಜನ ಮಾತಾಡುತ್ತಿಲ್ಲ ಅಂತ ಬರೆದಿದ್ದೀರಿ. ನೀವು ಯಾವ ಹೊತ್ತಿಗೆ ಹೋಗುತ್ತಿದ್ದೀರಿ? ಬೆಳಿಗ್ಗೆ ಹನ್ನೊಂದಕ್ಕೆ ಕಾಲೇಜು ಗಾಡಿಯಲ್ಲಿ ಹೋದರೆ ಊರಲ್ಲಿ ಸಿಗುವುದು ವಯಸ್ಸಾದವರು ಮಾತ್ರ. ಹಾಲಿನ ಡೈರಿ ಹತ್ತಿರ ಬೆಳಗಿನ ಹೊತ್ತು ಹೋಗಿ. ಕ್ಯಾನು, ಚೊಂಬು ಹಿಡಿದು ಸಾಲಿನಲ್ಲಿ ನಿಂತವರು, ಹಾಲು ಅಳೆಸಿಕೊಂಡು ಚೀಟಿ ತೆಗೆದುಕೊಳ್ಳುವವರು, ಅಲ್ಲೇ ಕಟ್ಟೆ ಮೇಲೆ ಕೂತು ಮಾತಿಗಿಳಿಯುವವರು, ಅರ್ಧ ಊರು ಅಲ್ಲಿರುತ್ತದೆ. ಮೊದಲ ಎರಡು ಮೂರು ಸಲ ಫಾರ್ಮ್ ತೆಗೆಯಲೇಬೇಡಿ. ಸುಮ್ನೆ ಕೇಳಿಸಿಕೊಳ್ಳಿ. ಮಾತ್ರೆ ಖಾಲಿಯಾದರೆ ಎಲ್ಲಿಂದ ತರುತ್ತಾರೆ, ಪಿಎಚ್‌ಸಿಯಲ್ಲಿ ಇಲ್ಲ ಅಂದರೆ ಏನು ಮಾಡುತ್ತಾರೆ, ದಿನಕ್ಕೊಂದು ಮಾತ್ರೆಯನ್ನು ಎರಡು ದಿನಕ್ಕೊಂದು ಮಾಡಿಕೊಂಡವರು ಎಷ್ಟು ಜನ. ನಿಮ್ಮ ಅಧ್ಯಯನದ ಪ್ರಶ್ನೆ ಅಲ್ಲೇ ಸಿಗುತ್ತದೆ. ಎಷ್ಟು ಜನಕ್ಕೆ ಶುಗರ್ ಇದೆ ಅನ್ನುವ ಲೆಕ್ಕ ಬೇಕಾದಷ್ಟು ಕಡೆ ಆಗಿದೆ, ಶುಗರ್ ಇದೆ ಅಂತ ಗೊತ್ತಿದ್ದೂ ಮಾತ್ರೆ ಯಾಕೆ ತಪ್ಪುತ್ತದೆ ಅನ್ನುವುದು ನಿಮ್ಮ ಊರಿನದೇ ಉತ್ತರ ಬೇಡುವ ಪ್ರಶ್ನೆ. ಪಾವಗಡ, ಶಿರಾ ಕಡೆ ಕಡಲೆಕಾಯಿ ಕೀಳುವಾಗ, ರಾಗಿ ಕೊಯ್ಲಿನಲ್ಲಿ ಮಾತ್ರ ಹೋಗಬೇಡಿ. ಆಗ ಯಾರ ಕೈಯೂ ಬಿಡುವಿರುವುದಿಲ್ಲ.

ಇದೆಲ್ಲ ಸಿನಾಪ್ಸಿಸ್ ಬರೆಯುವ ಮೊದಲು ಆಗಬೇಕು. ಒಂದು ಸಲ ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ಪ್ರಶ್ನೆ ಬದಲಾಯಿಸುವುದು ಕಷ್ಟ, ಸಂಘದವರು ಏನೇ ಹೇಳಿದರೂ "ಈಗ ಆಗಲ್ಲಮ್ಮ" ಅನ್ನಬೇಕಾಗುತ್ತದೆ. ದಿನ ಕಡಿಮೆ ಇದ್ದರೂ ಈ ವಾರ ಹೋಗಿ ಬನ್ನಿ, ನಿಮ್ಮ ಗೈಡ್ ಅವರನ್ನೂ ಒಂದು ಸಲ ಕರೆದುಕೊಂಡು ಹೋಗಿ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಮಾಡಿದ ಕೆಲಸದ ಬಗ್ಗೆ ನೀವು ಓದಿರುತ್ತೀರಿ. ಅಲ್ಲಿನ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಮನೆಯಲ್ಲೇ ಹಸುಗೂಸಿನ ಆರೈಕೆ ಮಾಡಿಸಿದರು. ತೂಕ ನೋಡುವುದು, ಸೋಂಕು ಗುರುತಿಸುವುದು, ಔಷಧಿ ಕೊಡುವುದು ಎಲ್ಲ ಅವರೇ. ನವಜಾತ ಶಿಶುಗಳ ಸಾವು, ಈ ಸೌಲಭ್ಯ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ, ಶೇ. 60ಕ್ಕಿಂತ ಹೆಚ್ಚು ಇಳಿಯಿತು. 1999ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇವತ್ತು ನಮ್ಮ ಊರಿನ ಆಶಾ ಕಾರ್ಯಕರ್ತೆ ಹೆರಿಗೆಯಾದ ಮನೆಗೆ ಮೂರನೇ ದಿನ, ಏಳನೇ ದಿನ ಹೋಗಿ ಕೂಸಿನ ತೂಕ ಹಾಕುತ್ತಾರಲ್ಲ, ಅದರ ಬೇರು ಅಲ್ಲಿದೆ. ಊರಿನವರನ್ನು ಬರೀ ಮಾಹಿತಿ ಕೊಡುವವರಾಗಿ ನೋಡಿದ್ದರೆ ಅಂಥದ್ದು ಆಗುತ್ತಲೇ ಇರಲಿಲ್ಲ. ನಿಮ್ಮದು ಸಣ್ಣ ಥೀಸಿಸ್ ಇರಬಹುದು. ಆದರೂ ಸಂಘದ ಇಬ್ಬರಿಗೆ ಬಿಪಿ ಮಷಿನ್ ಬಳಸುವುದನ್ನು ಕಲಿಸಿ, ಒಂದು ಮಷಿನ್ ಊರಲ್ಲೇ ಬಿಟ್ಟು ಬರಬಹುದು, ಅಲ್ವಾ?

ಪ್ರಶ್ನೆ: ನಮ್ಮ ಯುವಕ ಸಂಘದ ಮೂಲಕ ಒಂದು ಅಧ್ಯಯನ ನಡೀತಿದೆ. ಉಳಿದ ರಕ್ತವನ್ನು "ಮುಂದಿನ ಸಂಶೋಧನೆಗೆ" ಇಟ್ಟುಕೊಳ್ಳುತ್ತೇವೆ ಅಂತ ಫಾರ್ಮಿನಲ್ಲಿ ಒಂದು ಸಾಲು ಇದೆ. ಸೈನ್ ಹಾಕಿಸಬಹುದಾ? (ಕೋಲಾರ)

ಆ ಸಾಲಿಗೆ ಬೇರೆಯೇ ಒಪ್ಪಿಗೆ ಕೇಳಲಿ. ಇವತ್ತಿನ ಪರೀಕ್ಷೆಗೆ ಹೂಂ, ಇಟ್ಟುಕೊಳ್ಳುವುದಕ್ಕೆ ಬೇಡ ಅನ್ನುವ ಅವಕಾಶ ಪ್ರತಿಯೊಬ್ಬರಿಗೂ ಇರಬೇಕು.

ಅಮೆರಿಕದ ಹವಾಸುಪಾಯಿ ಅನ್ನುವ ಬುಡಕಟ್ಟಿನವರು 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರಿಗೆ ರಕ್ತ ಕೊಟ್ಟರು. ತಮ್ಮವರಿಗೆ ಸಕ್ಕರೆ ಕಾಯಿಲೆ ಯಾಕೆ ಜಾಸ್ತಿ ಅಂತ ತಿಳಿಯುವುದು ಅವರ ಉದ್ದೇಶ. ಅದೇ ರಕ್ತವನ್ನು ಮಾನಸಿಕ ಕಾಯಿಲೆ, ಅವರ ಪೂರ್ವಜರ ವಲಸೆ ಇಂಥ ಬೇರೆ ಅಧ್ಯಯನಕ್ಕೂ ಬಳಸಿದ್ದು ಆಮೇಲೆ ಗೊತ್ತಾಯಿತು. ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ ಯೂನಿವರ್ಸಿಟಿ 41 ಜನಕ್ಕೆ 7 ಲಕ್ಷ ಡಾಲರ್ ಕೊಟ್ಟಿತು, ಉಳಿದ ರಕ್ತವನ್ನೂ ವಾಪಸ್ ಕೊಟ್ಟಿತು. ಅದಕ್ಕೇ ಕೇಳಿ: ಎಷ್ಟು ವರ್ಷ ಇಡುತ್ತೀರಿ, ಯಾವ ಊರಿನ ಲ್ಯಾಬಿನಲ್ಲಿ, ಬೇರೆಯವರಿಗೆ ಕೊಡುತ್ತೀರಾ, ಹೊಸ ವಿಷಯಕ್ಕೆ ಬಳಸುವಾಗ ನಮ್ಮನ್ನು ಮತ್ತೆ ಕೇಳುತ್ತೀರಾ? ವಿದೇಶದ ಲ್ಯಾಬಿಗೆ ಹೋಗುವುದಾದರೆ ಅನುಮತಿ ಪತ್ರ ತೋರಿಸಲಿ. ಉತ್ತರ ಬರುವವರೆಗೆ ಆ ಸಾಲನ್ನು ಖಾಲಿ ಬಿಡಿ.

ಪ್ರಶ್ನೆ: ನಮ್ಮದು ಸಣ್ಣ ಟ್ರಸ್ಟ್. ಒಂದು ಯೂನಿವರ್ಸಿಟಿ ಜೊತೆ ಎರಡು ವರ್ಷದ ಒಡಂಬಡಿಕೆ ಮಾಡಿಕೊಳ್ಳುತ್ತಿದ್ದೇವೆ. ದುಡ್ಡಿನ ವಿಷಯ ಮಾತಾಡೋಕೆ ಸಂಕೋಚ. ಹೇಗೆ ಕೇಳೋದು? (ಗೌರಿಬಿದನೂರು)

ಸಂಕೋಚ ಬಿಡಿ. ಅವರ ಬಜೆಟ್ಟಿನಲ್ಲಿ ಗಾಡಿಗೆ, ಲ್ಯಾಬಿಗೆ, ಪ್ರಿಂಟಿಗೆ ಎಲ್ಲ ಲೆಕ್ಕ ಇರುತ್ತದೆ. ಮನೆ ಮನೆ ತಿರುಗುವ ನಿಮ್ಮ ಕಾರ್ಯಕರ್ತೆಯ ದಿನಗೂಲಿ, ಅವಳ ಫೋನ್ ರೀಚಾರ್ಜ್, ಸಭೆ ದಿನದ ಊಟ, ನಿಮ್ಮ ಕಚೇರಿಯ ಬಾಡಿಗೆಯಲ್ಲಿ ಒಂದು ಪಾಲು ಇದಕ್ಕೂ ಲೆಕ್ಕ ಇರಲಿ. ಬಜೆಟ್ ಹಾಳೆಯನ್ನೇ ಕೇಳಿ ನೋಡಿ. ತೋರಿಸಲು ಹಿಂಜರಿದರೆ ಸಹಿ ಹಾಕುವುದನ್ನು ಸ್ವಲ್ಪ ದಿನ ಮುಂದೆ ಹಾಕಿ. ವಿದೇಶಿ ಹಣವಾದರೆ ಇನ್ನೊಂದು ತೊಡಕಿದೆ. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅಡಿ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಣ ಎಲ್ಲಿಂದ ಬರುತ್ತಿದೆ ಅಂತ ಕೇಳಿಕೊಂಡು, ನಿಮ್ಮ ಆಡಿಟರ್ ಹತ್ತಿರ ಒಡಂಬಡಿಕೆಯ ಕರಡು ಓದಿಸಿ. ಪ್ರಬಂಧ ಪ್ರಕಟವಾಗುವಾಗ ಕೆಲಸ ಮಾಡಿದ ನಿಮ್ಮವರ ಹೆಸರು ಲೇಖಕರ ಸಾಲಿನಲ್ಲಿ ಬರುತ್ತದಾ, ಬರೀ ಕೃತಜ್ಞತೆಯ ಸಾಲಿನಲ್ಲಿ ಬರುತ್ತದಾ ಅನ್ನುವುದನ್ನೂ ಈಗಲೇ ಬರೆಸಿ. ಎರಡು ವರ್ಷ ಆದ ಮೇಲೆ ಮಾಹಿತಿಯ ಒಂದು ಪ್ರತಿ, ಜನರ ಹೆಸರು ತೆಗೆದು, ಟ್ರಸ್ಟಿಗೂ ಸಿಗಬೇಕು. ಮುಂದೆ ತಾಲ್ಲೂಕು ಪಂಚಾಯಿತಿಗೋ ಆರೋಗ್ಯ ಇಲಾಖೆಗೋ ಅರ್ಜಿ ಕೊಡುವಾಗ ನಿಮ್ಮ ಕೈಯಲ್ಲಿ ಅಂಕಿ ಇರುತ್ತದೆ.